ಗಂಟೆಯ ನೆತ್ತಿಯಲ್ಲಿ ಸಿಕ್ಕ ಮಣ್ಣು

ಎಲ್ಲ ಗಂಟೆಗಳೂ ಒಂದೇ ಜಾಗದಲ್ಲಿ ತಪ್ಪು ಮಾಡಿದ್ದವು.

ತಪಾಸಣಾಧಿಕಾರಿ ಭೂತಗನ್ನಡಿಯನ್ನು ಕೆಳಗಿಟ್ಟು ಕಣ್ಣುಜ್ಜಿಕೊಂಡಳು. ಪ್ರಯೋಗಾಲಯದ ಮೇಜಿನ ತುಂಬ ಗಾಜಿನ ಪುಟ್ಟ ತಟ್ಟೆಗಳು. ಒಂದೊಂದರಲ್ಲೂ ಒಂದೊಂದು ಮನೆಯ ಗಂಟೆಯೊಳಗಿಂದ ಕೆರೆದು ತೆಗೆದ ಮಣ್ಣು. ನೋಡಿದರೆ ಎಲ್ಲವೂ ಬೂದಿ ಬಣ್ಣ. ಆದರೆ ಗಂಟೆಯ ನೆತ್ತಿಯಿಂದ, ನಾಲಿಗೆ ನೇತುಹಾಕುವ ಕೊಂಡಿಯ ಬುಡದಿಂದ ಬಂದ ಮಣ್ಣಿನಲ್ಲಿ ಮಾತ್ರ ಕೆಂಪು ಹರಳುಗಳು, ಅಭ್ರಕದ ಮಿನುಗು. ಈ ಸೀಮೆಯ ಮಣ್ಣಿನಲ್ಲಿ ಅಭ್ರಕ ಹುಡುಕಿದರೂ ಸಿಗದು.

ಇದೇ ಕೆಂಪು ಹರಳಿನ ಕಾರಣಕ್ಕೆ ಕಳೆದ ವಾರ ಆಕೆ ಎರಕದಜ್ಜನ ಕುಲುಮೆಗೆ ಇಡೀ ಬೀದಿಯ ಎದುರು ಅರಗಿನ ಮುದ್ರೆ ಒತ್ತಿ ಬಂದಿದ್ದಳು.

ಈ ಊರಿನ ಕಂಚಿನ ಗಂಟೆಗೆ ಸರ್ಕಾರದ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿತ್ತು. ಗಡಿಯೊಳಗೆ, ಹೊಳೆಯ ತಿರುವಿನ ಮಣ್ಣಿನಲ್ಲೇ ಅಚ್ಚು ಕಟ್ಟಿ ಎರೆದ ಗಂಟೆಗೆ ಮಾತ್ರ ಊರಿನ ಹೆಸರು. ಹೊರಗಿನ ಮಣ್ಣು ಚಿಟಿಕೆ ಬೆರೆತರೂ ಅದು ನಕಲಿ. ನಿಯಮ ಹಾಗೆಯೇ ಇತ್ತು. ಎರಕದಜ್ಜ ಮುದ್ರೆ ಒತ್ತುವಾಗ ಜಗಳ ಆಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಕೈಮುಗಿದಿದ್ದ. ಆ ಕೈಗಳು ಆಕೆಯ ಕಣ್ಣಿನಿಂದ ಹೋಗಿರಲಿಲ್ಲ.

ಅದಕ್ಕೇ ಉಳಿದ ಮನೆಗಳ ಗಂಟೆಗಳನ್ನೂ ತರಿಸಿ ಕೆರೆದಿದ್ದಳು. ಅವೆಲ್ಲ ಶುದ್ಧ ಅಂತ ಗೊತ್ತಾದರೆ ತಾನು ಮಾಡಿದ್ದು ಸರಿ ಅಂತ ಮನಸ್ಸಿಗೆ ಸಮಾಧಾನ ಹೇಳಬಹುದು ಅಂತ.

"ಇಷ್ಟೂ ಮನೆಯವರು ಒಟ್ಟಿಗೆ ಕೂತು ಮೋಸ ಮಾಡಿದ್ರಾ?" ಪ್ರಯೋಗಾಲಯದ ಗೆಳತಿ ಬಿಸ್ಕತ್ತು ಕಡಿಯುತ್ತ ಕೇಳಿದಳು.

"ಮೋಸ ಮಾಡೋರು ಗಂಟೆ ತುಂಬ ಮಾಡ್ತಾರೆ. ನೆತ್ತಿಯಲ್ಲಿ ಮಾತ್ರ ಒಂದು ಚಿಟಿಕೆ ಯಾಕೆ?"

"ನನ್ನ ಕೇಳಿದ್ರೆ? ನಾನು ಅಡುಗೆಗೆ ಉಪ್ಪು ಹಾಕೋದನ್ನೇ ಮರೆಯೋಳು."

"ಬಿಳಿಬೂಟಿನವರದ್ದು ಏನಾಯ್ತು?"

"ಹಾಲಲ್ಲಿ ತೊಳೆದ ಹಾಗಿದೆ. ಒಂದೇ ಒಂದು ಕೆಂಪು ಹರಳಿಲ್ಲ."

ಬಿಳಿಬೂಟು ಅಂದರೆ ಎರಕದವರ ಸಂಘದ ಅಧ್ಯಕ್ಷ. ಕುಲುಮೆಯ ಹತ್ತಿರ ಸುಳಿದವರ ಬೂಟು ಬೆಳ್ಳಗೆ ಉಳಿಯುವುದಿಲ್ಲ, ಆತನದು ಉಳಿದಿತ್ತು, ಅದಕ್ಕೆ ಬೀದಿಯವರು ಇಟ್ಟ ಹೆಸರು. ಊರಂಚಿನಲ್ಲಿ ಆತನ ಕಾರ್ಖಾನೆ, ಯಂತ್ರದ ಎರಕ. ಕೈಯಲ್ಲಿ ಎರೆಯುವ ಮನೆಗಳೆಲ್ಲ ನಕಲಿ, ಯಂತ್ರದಲ್ಲಿ ಎರೆಯುವವನೊಬ್ಬನೇ ಅಸಲಿ. ಆಕೆ ತಟ್ಟೆಗಳಿಂದ ತಲೆ ಎತ್ತಿದಳು.

"ಈ ವರದಿ ಇನ್ನೂ ಕಳಿಸಿಲ್ಲ ತಾನೆ?"

"ಬೆಳಗ್ಗೇನೇ ಹೋಯ್ತಲ್ಲ. ಒಂದು ಪ್ರತಿ ನಿಮ್ಮ ಸಾಹೇಬರಿಗೆ, ಒಂದು ಸಂಘಕ್ಕೆ. ನಿಯಮ ಅಲ್ವಾ?"

ನಿಯಮವೇ. ಸಂಘಕ್ಕೆ ಅಂದರೆ ಬಿಳಿಬೂಟಿನ ಕೈಗೆ.

* * *

"ಈ ಬೀದಿಯಲ್ಲಿ ನನ್ನನ್ನ ಅಳಿಯನ ಥರ ನೋಡ್ಕೋತಿದ್ರು ಮೇಡಂ," ಜೀಪಿನ ಚಾಲಕ ಗೇರು ಬದಲಿಸುತ್ತ ಅಂದ. "ಈಗ ನೀರು ಕೇಳಿದ್ರೆ ನಲ್ಲಿ ತೋರಿಸ್ತಾರೆ. ನಿಮ್ಮ ಜೊತೆ ಸೇರಿ ನನ್ನ ಮರ್ಯಾದೆನೂ ಹೋಯ್ತು."

"ನೀವು ಜೀಪಲ್ಲೇ ಇರಿ."

"ಇಳೀರಿ ಅಂದ್ರೂ ಇಳಿಯಲ್ಲ."

ಮಧ್ಯಾಹ್ನ ಎರಕದಜ್ಜನ ವಿಚಾರಣೆ. ಅದಕ್ಕೆ ಮುಂಚೆ ಆತನ ಬಾಯಿಂದ ನಿಜ ಹೊರಡದಿದ್ದರೆ ಎರಕದವರ ಪಟ್ಟಿಯಿಂದ ಆತನ ಹೆಸರು ಶಾಶ್ವತವಾಗಿ ಅಳಿಸಿಹೋಗುತ್ತದೆ. ಆಕೆ ಬೀದಿಯ ತುದಿಯಿಂದ ನಡೆದಳು. ಎರಡೂ ಬದಿಯ ಮನೆಗಳಲ್ಲಿ ಅರ ಹಾಕುವ ಸದ್ದು ಅವಳು ಹತ್ತಿರ ಬಂದಂತೆ ನಿಂತು, ದಾಟಿಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಕುಲುಮೆಯ ಬಾಗಿಲಲ್ಲಿ ತಾನೇ ಒತ್ತಿದ ಅರಗು ಹಾಗೇ ಇತ್ತು. ಪಕ್ಕದ ಜಗುಲಿಯಲ್ಲಿ ಎರಕದಜ್ಜ ಮೊಣಕಾಲು ಹಿಡಿದು ಕೂತಿದ್ದ. ಆತನ ಸೊಸೆ ಹಿಂದೆ ನಿಂತು ಮಾವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು, ವಿಚಾರಣೆಗೆ ಹಾಕಿಕೊಂಡು ಹೋಗುವ ಅಂಗಿ. ಮಗ ಗಂಟೆ ಮಾರಲು ಊರೂರು ತಿರುಗುವವನು, ಮನೆಯಲ್ಲಿರಲಿಲ್ಲ.

"ಬಾ ತಾಯಿ," ಅಂದ ಅಜ್ಜ. "ಇನ್ನೂ ಸೀಲ್ ಹಾಕೋಕೆ ಏನಾದ್ರೂ ಉಳಿದಿದೆಯಾ? ನನ್ನ ಬಾಯಿ ಒಂದಿದೆ ನೋಡು."

ಆಕೆ ಜಗುಲಿಯ ಅಂಚಿನಲ್ಲಿ ಕೂತಳು.

"ಅಜ್ಜ, ನೆತ್ತಿಯ ಕೆಂಪು ಮಣ್ಣು ಎಲ್ಲಿಂದ ಬಂತು?"

"ನಾನು ತಂದೆ. ನಾನೊಬ್ಬನೇ. ಸಾಹೇಬರ ಮುಂದೂ ಇದನ್ನೇ ಹೇಳೋದು."

"ಎಲ್ಲಿಂದ ತಂದ್ರಿ?"

"ವಯಸ್ಸಾಯ್ತಲ್ಲ. ಮರೆತೆ."

"ಇದೇ ಬೀದಿಯ ಉಳಿದ ಮನೆಗಳ ಗಂಟೆಯಲ್ಲೂ ಇದೆ. ಅವರಿಗೆಲ್ಲ ನೀವೇ ಹಂಚಿದ್ರಾ?"

ಸೊಸೆ ಹಲ್ಲಿನಲ್ಲಿ ದಾರ ಕಡಿದಳು.

"ಹೇಳಿಬಿಡಿ ಮಾವ. ಕೆರೆದು ನೋಡಿದ್ದಾರೆ ಅಂದ ಮೇಲೆ ಮುಚ್ಚಿಡೋದು ಏನಿದೆ?"

ಅಜ್ಜ ಬೀದಿಯತ್ತ ನೋಡಿದ. ದನಿ ಇಳಿಸಿದ.

"ಅದು ತವರು ಮಣ್ಣು ತಾಯಿ. ನಮ್ಮ ಹಿರಿಯರು ಬೆಟ್ಟದಾಚೆಯಿಂದ ಬಂದೋರು. ಬರುವಾಗ ಒಂದು ಮಡಕೆ ಮಣ್ಣು ಹೊತ್ಕೊಂಡು ಬಂದ್ರು. ಗಂಟೆ ಎರೆದಾಗೆಲ್ಲ ಒಳ ಅಚ್ಚಿನ ನೆತ್ತಿಗೆ ಅದರಲ್ಲಿ ಒಂದು ಹಿಡಿ. ಎರಕ ಆರಿದ ಮೇಲೆ ಒಡೆದು, ಕುಟ್ಟಿ, ಮತ್ತೆ ಮಡಕೆಗೆ. ಎಷ್ಟೋ ಸಲ ಬೆಂಕಿ ಕಂಡ ಮಣ್ಣು. ಬಿರಿಯಲ್ಲ. ಕಂಚಿನ ಹಬೆ ಅಲ್ಲಿಂದ ಉಸಿರು ಬಿಡುತ್ತೆ. ಅದಿಲ್ಲದೆ ಎರೆದ ಗಂಟೆ ಕೆಮ್ಮಿದ ಹಾಗೆ ಕೂಗುತ್ತೆ."

"ಎಲ್ಲ ಮನೆಯಲ್ಲೂ ಆ ಮಡಕೆ ಇದೆಯಾ?"

"ಎರಕದ ಮನೆಯಿಂದ ಹೆಣ್ಣು ತಂದ್ರೆ ಅವಳು ತವರ ಮಡಕೆಯಿಂದ ಒಂದು ಹಿಡಿ ತರ್ತಾಳೆ, ಗಂಡನ ಮನೆ ಮಡಕೆಗೆ ಹಾಕ್ತಾಳೆ. ಇವಳೂ ತಂದಳು. ನನ್ನ ಮಗಳೂ ತಗೊಂಡು ಹೋದಳು."

"ಜಿಐ ಅರ್ಜಿ ಹಾಕುವಾಗ ಇದನ್ನ ಯಾಕೆ ಬರೆಸಲಿಲ್ಲ? ಬರೆಸಿದ್ದರೆ ನಿಯಮದಲ್ಲೇ ಸೇರ್ತಿತ್ತು. ಯಾರೂ ನಿಮ್ಮನ್ನ ಮುಟ್ಟೋಕಾಗ್ತಿರಲಿಲ್ಲ."

"ಅಧಿಕಾರಿಗಳು ಬಂದು ಕೇಳಿದ್ರು, ನೀವು ಇದೇ ಮಣ್ಣಿನ ಮಕ್ಕಳು ತಾನೆ ಅಂತ. ಎಷ್ಟು ಪ್ರೀತಿಯಿಂದ ಕೇಳಿದ್ರು ಗೊತ್ತಾ? ಬಂದೋರು ಅಂತ ಹೇಳೋಕೆ ನಾಚಿಕೆ ಆಯ್ತು. ಎಲ್ಲರೂ ತಲೆ ಆಡಿಸಿದ್ವಿ. ಮಣ್ಣೆಲ್ಲ ಇಲ್ಲಿಂದೇ ಅಂತ ಪ್ರಮಾಣ ಮಾಡಿದ್ವಿ. ಹಿರಿಯ ಅಂತ ಮೊದಲು ಹೆಬ್ಬೆಟ್ಟು ಒತ್ತಿದವನು ನಾನು."

ಆಕೆಗೆ ಈಗ ಲೆಕ್ಕ ಸ್ಪಷ್ಟವಾಯಿತು. ತವರು ಮಣ್ಣಿನ ಮಾತು ಹೊರಬಂದರೆ ಪ್ರಮಾಣ ಸುಳ್ಳಾಗುತ್ತದೆ, ಇಡೀ ಬೀದಿಯ ಗುರುತು ರದ್ದಾಗುತ್ತದೆ. ಅಜ್ಜ ತಾನೊಬ್ಬನೇ ಕಳ್ಳ ಅಂದರೆ ಅವನೊಬ್ಬನ ಹೆಸರು ಹೋಗುತ್ತದೆ, ಬೀದಿ ಉಳಿಯುತ್ತದೆ. ಅದಕ್ಕೇ ಅಂಗಿಗೆ ಗುಂಡಿ ಹೊಲಿಸಿಕೊಂಡು ತಯಾರಾಗುತ್ತಿದ್ದ.

ಇನ್ನೊಂದು ಪ್ರಶ್ನೆ ಉಳಿದಿತ್ತು.

"ಗಂಟೆಯ ನೆತ್ತಿ ಕೆರೆದು ನೋಡಿ ಅಂತ ನಮ್ಮ ಕಚೇರಿಗೆ ಫೋನು ಬಂದಿತ್ತು. ಹೆಸರು ಹೇಳಲಿಲ್ಲ, ಹೆಂಗಸಿನ ದನಿ. ಆ ಮಡಕೆಗೆ ಕೈ ಹಾಕಿದವಳೇ ಇರಬೇಕು."

"ಅದನ್ನ ಕೆದಕಬೇಡ."

"ನಿಮಗೆ ಗೊತ್ತು, ಅಲ್ವಾ?"

"ಕೊಟ್ಟ ಹೆಣ್ಣು ತಾಯಿ. ಬಿಳಿಬೂಟಿನ ಮನೆಗೆ ಸೊಸೆ ಆಗಿ ಹೋಗಿದ್ದಾಳೆ. ಅವರ ಅನ್ನ ತಿನ್ನೋಳು ಅವರು ಹೇಳಿದ ಹಾಗೆ ಕೇಳಬೇಕಲ್ಲ." ಅಜ್ಜ ಅಂಗೈಯಿಂದ ಮುಖ ಒರೆಸಿಕೊಂಡ. "ನನ್ನ ಮಗಳ ಹೆಸರು ಎಲ್ಲೂ ಬರಬಾರದು. ಅಷ್ಟು ನಡೆಸಿಕೊಡು."

ಸೂಜಿ ನೆಲಕ್ಕೆ ಬಿತ್ತು.

"ಅವಳಲ್ಲ ಮಾವ," ಅಂದಳು ಸೊಸೆ. "ನಾನು."

ಅಜ್ಜ ತಿರುಗಲಿಲ್ಲ. ತಿರುಗಿದರೆ ನಿಜವಾಗಿಬಿಡುತ್ತದೆ ಎಂಬಂತೆ ಬೀದಿಯ ಕಡೆಗೇ ಕೂತಿದ್ದ.

"ನೀವಾ?" ಅಂದಳು ತಪಾಸಣಾಧಿಕಾರಿ. "ನಿಮ್ಮ ಮನೆ ಮೇಲೆ ನೀವೇ ದೂರು ಕೊಟ್ರಾ?"

"ನೀವೇ ಹೇಳಿಕೊಟ್ಟಿದ್ದು ಮೇಡಂ. ನಿಮಗೆ ನೆನಪಿರಲ್ಲ. ಕಚೇರಿಗೆ ಬಂದಿದ್ದೆ. ಮಾವನ ಕೈ ನಡುಗೋಕೆ ಶುರುವಾದಾಗಿಂದ ಈ ಮನೆಯ ಎರಕ ಎಲ್ಲ ನನ್ನದೇ, ಪಟ್ಟಿಯಲ್ಲಿ ನನ್ನ ಹೆಸರೂ ಸೇರಿಸಿ ಅಂತ ಕೇಳಿದೆ. ಮನೆ ಯಜಮಾನರ ಹೆಸರಿದ್ದರೆ ಸಾಕಮ್ಮ ಅಂದ್ರಿ. ಯಾರ ಕೈ ಕೆಲಸ ಅಂತ ನೀವು ಬಂದು ನೋಡಬಾರದಾ ಅಂದೆ. ದೂರು ಬಂದರೆ ಮಾತ್ರ ಮನೆಗೆ ಬಂದು ನೋಡೋದು ಅಂದ್ರಿ. ಅದಕ್ಕೇ ದೂರು ಕೊಟ್ಟೆ."

"ಆದರೆ ನೆತ್ತಿಯ ಮಾತು ಯಾಕೆ..."

"ನೆತ್ತಿಯಲ್ಲಿ ತವರು ಮಣ್ಣು ಇದ್ದರೆ ಅಸಲಿ ಎರಕ. ನಮಗೆ ಗೊತ್ತಿರೋದು ಅಷ್ಟೇ. ಪ್ರಮಾಣ ಪತ್ರದಲ್ಲಿ ಏನು ಬರೆದಿದ್ದಾರೆ ಅಂತ ಮನೆಗೆ ಬಂದ ಸೊಸೆಗೆ ಯಾರು ಹೇಳ್ತಾರೆ? ಕೆರೆದು ನೋಡ್ತೀರಿ, ಭೇಷ್ ಅಂತೀರಿ, ಯಾರು ಎರೆದದ್ದು ಅಂತ ಕೇಳ್ತೀರಿ, ನಾನು ಮುಂದೆ ಬರ್ತೀನಿ ಅಂದ್ಕೊಂಡಿದ್ದೆ. ಹೊಸ ಸೀರೆ ಉಟ್ಟು ಕಾದಿದ್ದೆ ಮೇಡಂ. ನೀವು ಏನೂ ಕೇಳಲಿಲ್ಲ. ಅರಗು ಕಾಯಿಸಿದ್ರಿ."

ತಪಾಸಣಾಧಿಕಾರಿಗೆ ಕಚೇರಿಯ ಆ ದಿನವನ್ನು ನೆನಪಿಗೆ ತಂದುಕೊಳ್ಳಲು ಆಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎಷ್ಟು ಜನಕ್ಕೆ, ಎಷ್ಟು ಸಲ, ತಲೆ ಎತ್ತದೆ ಅದೇ ಮಾತು ಹೇಳಿ ಕಳಿಸಿದ್ದಳೋ. ಮುದ್ರೆ ಒತ್ತಿದ ದಿನ ಈ ಹೆಣ್ಣುಮಗಳು ಹಸಿರು ಸೀರೆ ಉಟ್ಟು ಬಾಗಿಲ ಪಕ್ಕ ನಿಂತಿದ್ದು ಮಾತ್ರ ಈಗ ಕಣ್ಣಿಗೆ ಕಟ್ಟಿತು. ಯಾವುದೋ ಮದುವೆಗೆ ಹೊರಟಿರಬೇಕು ಅಂದುಕೊಂಡಿದ್ದಳು.

ಅಜ್ಜ ಕಡೆಗೂ ತಿರುಗಿದ. ಸೊಸೆಯ ಮೇಲೆ ಸಿಡಿಯುತ್ತಾನೆ ಅಂತ ತಪಾಸಣಾಧಿಕಾರಿ ಅಂದುಕೊಂಡಳು.

"ಹೆತ್ತ ಮಗಳನ್ನ ಕಳ್ಳಿ ಅಂದ್ಕೊಂಡೆನಲ್ಲ," ಅಂದ ಆತ. "ಮೊನ್ನೆ ಅಪ್ಪನ್ನ ನೋಡೋಕೆ ಅಂತ ಬಂದಳು. ಬಾಗಿಲು ತೆಗೀಲಿಲ್ಲ ನಾನು. ಇಲ್ಲೇ ನಿಂತು ಕೂಗಿ ಕೂಗಿ ಹೋದಳು." ಆಮೇಲೆ ಸೊಸೆಗೆ, "ನಿನ್ನ ಹೆಸರು ಸೇರಿಸಬೇಕಾಗಿದ್ದೋನು ನಾನು. ಕೈ ನಡುಗುತ್ತೆ ಅಂತ ಊರಿಗೆ ಗೊತ್ತಾಗಬಾರದು ಅಂತ ಸುಮ್ಮನಿದ್ದೆ. ಅಂಗಿ ಕೊಡು."

"ನಾನು ಸಾಹೇಬರ ಹತ್ತಿರ ಮಾತಾಡ್ತೀನಿ," ಅಂದಳು ತಪಾಸಣಾಧಿಕಾರಿ.

"ಬೇಡ. ಒಂದೇ ಒಂದು ಉಪಕಾರ ಮಾಡು. ಉಳಿದ ಮನೆಗಳ ಮಾತು ಎತ್ತಬೇಡ. ನನ್ನೊಬ್ಬನ ಹೆಸರು ಹೊಡೆದು ಹಾಕು."

ವರದಿ ಆಗಲೇ ಬಿಳಿಬೂಟಿನ ಕೈ ಸೇರಿತ್ತು. ಅದನ್ನು ಹೇಳಬೇಕಿತ್ತು. ಆ ಮುಖದ ಎದುರು ಹೇಳಲಾಗದೆ ಆಕೆ ಆಗಲಿ ಎಂಬಂತೆ ತಲೆ ಆಡಿಸಿದಳು. ಬೀದಿಯ ತುದಿ ಮುಟ್ಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

* * *

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ," ಆಕೆಯ ಸಾಹೇಬರಾದ ಉಪನಿರ್ದೇಶಕರು ವಿಚಾರಣೆಯ ಕೋಣೆಗೆ ಹೋಗುವ ದಾರಿಯಲ್ಲಿ ಅಂದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. "ಆದರೆ ಬರೆದಿರೋ ನಿಯಮವನ್ನ ಮುಖ ನೋಡಿ ಬದಲಾಯಿಸಿದ್ರೆ ನಾಳೆ ಗಂಟೆ ಕೊಳ್ಳೋನಿಗೆ ಏನು ಭರವಸೆ? ಮಾಡೋನಿಗೆ ಏನು ಭರವಸೆ? ಇವತ್ತು ಒಬ್ಬ ಅಜ್ಜನಿಗೆ ಸಡಿಲ ಬಿಟ್ಟರೆ ನಾಳೆ ಅದೇ ಸಂದಿಯಲ್ಲಿ ಲಾರಿ ತುಂಬ ನಕಲಿ ಬರುತ್ತೆ."

"ನಿಯಮವನ್ನೇ ತಿದ್ದಬಹುದಲ್ಲ ಸರ್?"

"ತಿದ್ದಬಹುದು. ಸಂಘ ಅರ್ಜಿ ಹಾಕಬೇಕು. ಅಧ್ಯಕ್ಷರ ಸಹಿ ಬೇಕು."

ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಬೂಟು ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ ಹೆಂಗಸು ಎರಕದಜ್ಜನ ಮಗಳು. ಬೀದಿಯವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿಗಳು ಖಾಲಿ ಇದ್ದರೂ ಯಾರೂ ಕೂತಿರಲಿಲ್ಲ.

ಅಜ್ಜ ಎದ್ದು ನಿಂತು ಹೇಳಬೇಕಾದ್ದನ್ನು ತಡವರಿಸದೆ ಹೇಳಿದ. ಹೊರಗಿನ ಮಣ್ಣು ತಂದವನು ನಾನು. ಬೇರೆ ಯಾರಿಗೂ ಗೊತ್ತಿಲ್ಲ. ಬೀದಿಯವರು ಕ್ಷಮಿಸಬೇಕು. ಗೋಡೆಯ ಬಳಿ ಯಾರೋ ಮೂಗೆಳೆದ ಸದ್ದು.

"ಅಜ್ಜನದು ದೊಡ್ಡ ಮನಸ್ಸು," ಅಂದ ಬಿಳಿಬೂಟು ಏಳುತ್ತ. "ಎಲ್ಲರ ಪಾಪ ಒಬ್ಬರೇ ಹೊರೋಕೆ ಹೊರಟಿದ್ದಾರೆ. ಸಾಹೇಬ್ರೇ, ಪ್ರಯೋಗಾಲಯದ ವರದಿ ನಿಮಗೂ ಬಂದಿದೆ. ಉಳಿದ ಮನೆಗಳ ಗಂಟೆಯಲ್ಲಿ ಏನು ಸಿಕ್ಕಿದೆ ಅಂತ ಮೇಡಂ ಅವರ ಬಾಯಲ್ಲೇ ಕೇಳೋಣ."

ಅಜ್ಜ ಆಕೆಯ ಕಡೆ ನೋಡಿದ. ಸಿಟ್ಟಿರಲಿಲ್ಲ. ಬೆಳಗ್ಗೆ ಜಗುಲಿಯಲ್ಲಿ ಆಕೆ ತಲೆ ಆಡಿಸಿದ್ದನ್ನು ನಂಬಿಕೊಂಡು ಬಂದವನು, ಈಗ ಅದರ ಬೆಲೆ ಏನೆಂದು ತಿಳಿದವನಂತೆ ನೋಡಿದ, ಅಷ್ಟೇ. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದಳು.

"ಮೇಡಂ?" ಅಂದರು ಉಪನಿರ್ದೇಶಕರು.

"ಎಲ್ಲ ಮನೆಗಳಲ್ಲೂ ಸಿಕ್ಕಿದೆ ಸರ್."

"ಅಧ್ಯಕ್ಷರ ಕಾರ್ಖಾನೆಯದರಲ್ಲಿ?"

"ಸಿಕ್ಕಿಲ್ಲ."

ಉಪನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ನಿಯಮದ ಪ್ರಕಾರ ಈ ಊರಲ್ಲಿ ಊರಿನ ಗಂಟೆ ಮಾಡೋರು ಒಬ್ಬರೇ." ಹೇಳಿದ ಮೇಲೆ ಅವರಿಗೇ ಮುಜುಗರವಾದಂತೆ ಕಾಗದ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

"ಅಧ್ಯಕ್ಷರ ಗಂಟೆಯಲ್ಲೂ ಇದೆ ಸಾಹೇಬ್ರೇ."

ಬಿಳಿಬೂಟಿನ ಹಿಂದಿನ ಕುರ್ಚಿಯಿಂದ ಅಜ್ಜನ ಮಗಳು ಎದ್ದು ನಿಂತಿದ್ದಳು.

"ಕೂತ್ಕೋ," ಅಂದ ಬಿಳಿಬೂಟು ತಿರುಗದೆ. "ಇದು ಮನೆ ಅಲ್ಲ."

"ಮದುವೆ ಆಗಿ ಬಂದಾಗ ತವರಿಂದ ಒಂದು ಹಿಡಿ ಮಣ್ಣು ತಂದಿದ್ದೆ. ಹಿತ್ತಲಿಗೆ ಎಸಿ ಅಂದ್ರು ಮಾವ. ನಾನು ಎಸೀಲಿಲ್ಲ. ಕಾರ್ಖಾನೆಯಲ್ಲಿ ಮಣ್ಣು ಕಲಸೋ ಯಂತ್ರಕ್ಕೆ ದಿನಾ ಒಂದು ಚಿಟಿಕೆ ಹಾಕ್ತಾ ಬಂದಿದ್ದೀನಿ. ಬೀದಿಯವರು ನಕಲಿ ಆದ್ರೆ ನಮ್ಮ ಮಾವನೂ ನಕಲಿ. ಎಲ್ಲರ ಹೆಸರೂ ಹೊಡೀರಿ, ಇಲ್ಲಾ ನಿಯಮ ತಿದ್ದೋಕೆ ಮಾವನ ಕೈಲಿ ಸಹಿ ಹಾಕಿಸಿ."

ಗೋಡೆಗೆ ಒರಗಿದ್ದವರು ನೆಟ್ಟಗಾದರು.

"ವರದಿಯಲ್ಲಿ ಹಾಗಿಲ್ಲವಲ್ಲಮ್ಮ," ಅಂದರು ಉಪನಿರ್ದೇಶಕರು.

"ಮೇಡಂ ಸರಿಯಾಗಿ ಕೆರೆದಿಲ್ಲ ಅನ್ಸುತ್ತೆ."

ಎಲ್ಲರ ಕಣ್ಣೂ ತಪಾಸಣಾಧಿಕಾರಿಯ ಮೇಲೆ ಬಿದ್ದವು. ಬಿಳಿಬೂಟಿನ ಗಂಟೆಗಳನ್ನು ಆಕೆ ಕೊಂಡಿಯ ಬುಡದವರೆಗೂ, ಉಗುರಿಗೆ ನೋವಾಗುವಷ್ಟು ಕೆರೆದಿದ್ದಳು. ಅಲ್ಲಿ ಒಂದು ಹರಳೂ ಇರಲಿಲ್ಲ. ಆ ಹೆಣ್ಣುಮಗಳು ಆಕೆಯನ್ನೇ ದಿಟ್ಟಿಸುತ್ತಿದ್ದಳು, ಗಲ್ಲ ಮೇಲೆತ್ತಿ, ಕೆಳತುಟಿ ಹಲ್ಲಿನಲ್ಲಿ ಒತ್ತಿ. ಬಾಗಿಲು ತೆಗೆಯದ ಅಪ್ಪನಿಗಾಗಿ ತುಂಬಿದ ಕೋಣೆಯಲ್ಲಿ ಸುಳ್ಳು ಹೇಳಿ ನಿಂತಿದ್ದಳು.

"ಸರಿಯಾಗಿ ಕೆರೆದಿದ್ರಾ ಮೇಡಂ?"

ಕೆಲಸಕ್ಕೆ ಸೇರಿದಾಗಿನಿಂದ ಆಕೆ ಕಾಗದದಲ್ಲಾಗಲಿ ಬಾಯಲ್ಲಾಗಲಿ ಒಂದು ಸುಳ್ಳೂ ಹೇಳಿರಲಿಲ್ಲ. ಅದೊಂದು ಹೆಮ್ಮೆ ಇತ್ತು.

"ಇಲ್ಲ ಸರ್," ಅಂದಳು. "ಕಾರ್ಖಾನೆಯ ಗಂಟೆಗಳನ್ನ ಮೇಲೆ ಮೇಲೆ ನೋಡಿದೆ. ಅಧ್ಯಕ್ಷರದ್ದು ಅಂತ."

ಅಜ್ಜನ ಸೊಸೆ ಬಾಯಿಗೆ ಸೆರಗು ಹಿಡಿದಳು.

ಬಿಳಿಬೂಟು ಮಾತ್ರ ಗಲಿಬಿಲಿಯಾಗಲಿಲ್ಲ. ಕುರ್ಚಿಯ ಕೆಳಗಿನ ಚೀಲಕ್ಕೆ ಕೈ ಹಾಕಿ ಕಾರ್ಖಾನೆಯ ಹೊಸ ಗಂಟೆಯೊಂದನ್ನು ತೆಗೆದು, ನಾಲಿಗೆ ಬಡಿಯದಂತೆ ಹಿಡಿದು, ಮೇಜಿನ ಮೇಲೆ ಬೋರಲಾಗಿ ಇಟ್ಟ.

"ಅದಕ್ಕೇನಂತೆ, ಈಗ ಸರಿಯಾಗಿ ಕೆರೀಲಿ. ಎಲ್ಲರೂ ಇದ್ದೀವಿ. ಪ್ರಯೋಗಾಲಯದವರನ್ನೂ ಕರೆಸಿ."

ಉಪನಿರ್ದೇಶಕರು ಮೇಜಿನ ಖಾನೆಯಿಂದ ಕೆರೆಯುವ ಉಕ್ಕಿನ ಮೊಳೆ ತೆಗೆದು ಆಕೆಯ ಕಡೆ ಸರಿಸಿದರು. ಅಜ್ಜನ ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಹರಳೂ ಸಿಗದಿದ್ದರೆ ತಮ್ಮಿಬ್ಬರ ಸುಳ್ಳೂ ಇಲ್ಲೇ ಬಯಲಾಗುತ್ತದೆ ಎಂದು ಗೊತ್ತಿದ್ದೂ ತಪಾಸಣಾಧಿಕಾರಿ ಗಂಟೆಯನ್ನು ಮಗುಚಿ, ಮೊಳೆಯನ್ನು ಅದರ ನೆತ್ತಿಯೊಳಗೆ ಇಳಿಸಿದಳು.